ಬಚ್ಚಲ ಬಾಗಿಲ ಹಿಂದಿನ ಕಾಯಿಲೆ

ಏಮಿ ವೈನ್‌ಹೌಸ್ ಹಾಡು ಒಂದೂ ಕೇಳದೇ ಇರೋರೂ ಕೂತು ನೋಡಬಹುದಾದ ಸಾಕ್ಷ್ಯಚಿತ್ರ ಆಸಿಫ್ ಕಪಾಡಿಯಾ ಅವರ ‘ಏಮಿ’ (2015). ಲಂಡನ್ನಿನ ಹುಡುಗಿ. 2008ರಲ್ಲಿ ಒಂದೇ ರಾತ್ರಿ ಐದು ಗ್ರ್ಯಾಮಿ ಗೆದ್ದಳು, 2011ರ ಜುಲೈ 23ರಂದು ತೀರಿಕೊಂಡಳು. ಆಗ ಬರೀ 27 ವರ್ಷ. 100 ಮಿಲಿಲೀಟರ್ ರಕ್ತದಲ್ಲಿ 416 ಮಿಲಿಗ್ರಾಂ ಮದ್ಯ ಇತ್ತು. ಅಲ್ಲಿ ಗಾಡಿ ಓಡಿಸೋರಿಗೆ ಇರುವ ಮಿತಿ 80. ಚಿತ್ರಕ್ಕೆ 2016ರಲ್ಲಿ ಆಸ್ಕರ್ ಬಂತು. ಹೊಗಳಿಕೆ ಸಾಕಷ್ಟು ಆಗಿದೆ, ಅದಕ್ಕೆ ಯೋಗ್ಯವೂ ಹೌದು. ನನ್ನದು ಒಂದೇ ತಕರಾರು.

ಕಪಾಡಿಯಾ ಯಾರನ್ನೂ ಕುರ್ಚಿ ಮೇಲೆ ಕೂರಿಸಿ ಸಂದರ್ಶನ ಮಾಡಿ ತೋರಿಸೋದಿಲ್ಲ. ಗೆಳೆಯರು ತೆಗೆದ ವಿಡಿಯೋ, ಟಿವಿ ತುಣುಕು, ಬೀದೀಲಿ ಬೆನ್ನು ಹತ್ತಿದ ಫೋಟೋಗ್ರಾಫರುಗಳ ಚಿತ್ರ, ಇವುಗಳ ಮೇಲೆ ಬರೀ ದನಿಗಳು. ಹಾಡುವಾಗ ಸಾಲುಗಳು ಪರದೆ ಮೇಲೆ ಅಕ್ಷರವಾಗಿ ಮೂಡುತ್ತವೆ. ಕುಣಿಯೋಕೆ ಹಾಕ್ತಿದ್ದ ಹಾಡು ಒಬ್ಬಳ ಡೈರಿ ಆಗಿತ್ತು ಅಂತ ಆಗ ಗೊತ್ತಾಗುತ್ತೆ. ಈ ವಿಧಾನದ ಶಕ್ತಿ ಅದು. ಅದರ ಮಿತಿಯೂ ಅಲ್ಲೇ ಇದೆ.

ಯಾಕಂದ್ರೆ ಏಮಿಗೆ ಇದ್ದದ್ದು ಚಟ ಒಂದೇ ಅಲ್ಲ. ಕುಡಿತ, ಹೆರಾಯಿನ್ ಇವೆಲ್ಲಕ್ಕಿಂತ ಮೊದಲೇ, ಹದಿಹರೆಯದಲ್ಲೇ ಬುಲಿಮಿಯಾ ಶುರುವಾಗಿತ್ತು. ಅಂದ್ರೆ ಹೊಟ್ಟೆ ಬಿರಿಯುವಷ್ಟು ತಿನ್ನೋದು, ಆಮೇಲೆ ಬೇಕಂತಲೇ ವಾಂತಿ ಮಾಡಿಕೊಳ್ಳೋದು. ಮಗಳು ಬಂದು, ಒಳ್ಳೇ ಡಯಟ್ ಸಿಕ್ಕಿದೆ ಅಂತ ಇದನ್ನೇ ಹೇಳಿದಾಗ, ತಾನಾಗೇ ಹೋಗುತ್ತೆ ಬಿಡು ಅಂದುಕೊಂಡಿದ್ದನ್ನ ತಾಯಿ ಚಿತ್ರದಲ್ಲೇ ಹೇಳ್ತಾರೆ. ಮುಂದೆ ಆ ವಿಷಯ ಅಲ್ಲೊಂದು ಇಲ್ಲೊಂದು ಕಡೆ ತಲೆ ಹಾಕಿ ಹೋಗುತ್ತೆ ಅಷ್ಟೇ. ಎರಡು ಗಂಟೆಯ ಮೇಲಿರುವ ಚಿತ್ರದ ಬಹುಪಾಲು ಬಾಟ್ಲಿ, ಡ್ರಗ್ಸು, ಗಂಡ, ಅಪ್ಪ, ಕ್ಯಾಮೆರಾಗಳದ್ದು.

ಕುಡಿದು ತೂರಾಡೋದು ಬೀದೀಲಿ, ಅದಕ್ಕೆ ಫೋಟೋ ಸಿಗುತ್ತೆ. ವಾಂತಿ ಬಚ್ಚಲಲ್ಲಿ, ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು. ಸಿಕ್ಕ ದೃಶ್ಯಗಳನ್ನೇ ಜೋಡಿಸಿ ಮಾಡಿದ ಚಿತ್ರಕ್ಕೆ ಸಿಗದ ದೃಶ್ಯ ಕಾಣೋದು ಕಷ್ಟ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಹೀಗೇ: ಲಾಗ್‌ನಲ್ಲಿ ಬರದ ತೊಂದರೆಯನ್ನ ತೊಂದರೆ ಅಂತ ಯಾರೂ ಒಪ್ಪಲ್ಲ, ಸರ್ವರ್ ಮಲಗೋವರೆಗೆ.

ಇದು ಬರೀ ಸಿನಿಮಾ ಕೊರತೆ ಆಗಿದ್ರೆ ಬಿಡಬಹುದಿತ್ತು. ಪದೇ ಪದೇ ವಾಂತಿ ಆದ್ರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು. ಅಂಥ ಮೈ ಮೇಲೆ ಮದ್ಯ ಸುರಿದ್ರೆ ಏನಾಗಬಹುದು? ಮರಣ ವಿಚಾರಣೆಯಲ್ಲಿ ಕಾರಣ ಅಂತ ಬಂದದ್ದು ಮದ್ಯ. ಆದ್ರೆ ತಂಗಿಯನ್ನ ಒಳಗೊಳಗೇ ಸೋಲಿಸಿ ಇಟ್ಟಿದ್ದು ಬುಲಿಮಿಯಾ ಅಂತ ಅಣ್ಣ ಅಲೆಕ್ಸ್ 2013ರಲ್ಲಿ ಹೇಳಿದ್ರು. ಎರಡು ಕಾಯಿಲೆ ಒಬ್ಬರಲ್ಲೇ ಇದ್ದಾಗ ಒಂದನ್ನ ಮಾತ್ರ ಹಿಡಿದು ಚಿಕಿತ್ಸೆ ಕೊಟ್ರೆ ಇನ್ನೊಂದು ಹಾಗೇ ಉಳಿಯುತ್ತೆ. ಎಷ್ಟೋ ಸಲ ಬಿಟ್ಟಿದ್ದನ್ನೂ ವಾಪಸ್ ಕರೆತರುತ್ತೆ. ಎರಡನ್ನೂ ಒಟ್ಟಿಗೇ ನೋಡಬೇಕು ಅನ್ನೋದು ಅದಕ್ಕೇ.

ನಮ್ಮ ಹಳ್ಳಿಗಳ ಕಡೆ ಕುಡಿಯೋರಿಗೆ ಬೈಗುಳವಾದ್ರೂ ಇದೆ, ಬಿಡಿಸೋಕೆ ಮದ್ಯವರ್ಜನ ಶಿಬಿರವೂ ಇದೆ. ತಿಂದು ಕಕ್ಕುವ ಹುಡುಗಿಗೆ? ಸಣ್ಣ ಆದ್ರೆ ‘ಚೆನ್ನಾಗಿ ಆಗಿದೀಯಾ ಕಣೇ’ ಅಂತ ಶಹಬ್ಬಾಸ್‌ಗಿರಿ. ಹೆಸರೇ ಇಲ್ಲದ ಕಾಯಿಲೆಗೆ ಯಾರು ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾರೆ?

ಅವಳ ಮೇಲೆ ಜೋಕು ಹೊಡೆದ ಟಿವಿಯವರನ್ನ ತೋರಿಸಿ ನಗುವವರ ಬಾಯಿ ಕಟ್ಟಿಸುವ ಧೈರ್ಯ ಕಪಾಡಿಯಾಗೆ ಇದೆ. ಹಾಗಾಗಿ ‘ಏಮಿ’ ನೋಡಲೇಬೇಕು. ನೋಡುವಾಗ ತಾಯಿ ಆ ಡಯಟ್ ಮಾತು ಹೇಳುವ ಜಾಗದಲ್ಲಿ ಒಂದು ಕ್ಷಣ ಚಿತ್ರ ನಿಲ್ಲಿಸಿ. ಆಗಿನ್ನೂ ಅವಳ ಕೈಯಲ್ಲಿ ಗ್ರ್ಯಾಮಿ ಇಲ್ಲ, ಬಾಟ್ಲಿ ಇಲ್ಲ, ಹಿಂದೆ ಫೋಟೋಗ್ರಾಫರುಗಳಿಲ್ಲ. ಏನಾದ್ರೂ ಮಾಡೋಕೆ ಟೈಮ್ ಇದ್ದದ್ದು ಆಗ.