ರಿಜಿಸ್ಟರಿಗೆ ಏರದ ಪುಸ್ತಕ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ನಡುವೆ ಮಸ್ಕಿಯಲ್ಲಿ ನಿಲ್ಲುತ್ತದೆ. ಪಿಎಚ್.ಡಿ.ಗೆ ನೋಂದಾಯಿಸಿದ ಮೇಲೆ ಈ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಟ್ಟಿಲ್ಲ. ನನ್ನ ವಿಷಯ ಈ ಭಾಗದ ಮೊಹರಂ ಪದಗಳು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಹೆಸರಾದದ್ದು. ಸುತ್ತಲಿನ ಹಳ್ಳಿಗಳಲ್ಲೂ ಅಲಾಯಿ ಕುಣಿಯ ಮುಂದೆ ಹಾಡುವವರಿಗೆ ಜಾತಿ ಧರ್ಮದ ಲೆಕ್ಕವಿಲ್ಲ. ಆ ಪದಗಳಲ್ಲಿ ಅಚ್ಚಾದವು ಕಡಿಮೆ. ಉಳಿದವು ಹಾಡುಗಾರರ ಬಾಯಲ್ಲಿ ಮತ್ತು ಎಣ್ಣೆಗೈ ಮೆತ್ತಿದ ನೋಟುಬುಕ್ಕುಗಳಲ್ಲಿ ಇವೆ.

ಎರಡು ವರ್ಷಗಳ ಹಿಂದೆ ಅಂಥ ಒಬ್ಬ ಹಾಡುಗಾರರು ತೀರಿಕೊಂಡರು. ಅವರ ಮಗ ಮೂರು ನೋಟುಬುಕ್ಕುಗಳನ್ನು ನನ್ನ ಮುಂದಿಟ್ಟು, ಇವನ್ನ ಏನ್ ಮಾಡಲಿ ಎಂದು ಕೇಳಿದ. ಗ್ರಂಥಾಲಯಕ್ಕೆ ಕೊಡೋಣ ಎಂದೆ. ಇಬ್ಬರೂ ಈ ಭಾಗದ ಒಂದು ಗ್ರಂಥಾಲಯಕ್ಕೆ ಹೋದೆವು. ಅಲ್ಲಿನ ಮೇಲ್ವಿಚಾರಕರು ಪುಟಗಳನ್ನು ಪ್ರೀತಿಯಿಂದಲೇ ತಿರುವಿದರು, ಒಂದೆರಡು ಪದ ಗುನುಗಿದರು ಕೂಡ. ಆಮೇಲೆ ದಾಖಲಾತಿ ರಿಜಿಸ್ಟರು ತೆರೆದು ಪೆನ್ನು ಹಿಡಿದು ಕೂತುಬಿಟ್ಟರು.

“ಇದಕ್ಕ ಬೆಲಿ ಎಷ್ಟಂತ ಬರೀಲಿ ತಂಗಿ? ಪ್ರಕಾಶಕರು ಯಾರಂತ ಬರೀಲಿ?”

“ದೇಣಿಗಿ ಅಂತ ಬರೀರಿ ಅಣ್ಣಾರ.”

“ಬರದೆ ಅಂತ ತಿಳಕೋ. ನಾಳೆ ಇದು ಕಳೀತು. ಬೆಲಿ ಇಲ್ಲದ ಸಾಮಾನಿಗೆ ನಾ ಎಷ್ಟು ಕಟ್ಟಲಿ?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮಗ ನೋಟುಬುಕ್ಕುಗಳನ್ನು ಮತ್ತೆ ಕೈಚೀಲಕ್ಕೆ ಹಾಕಿಕೊಂಡ. ಆ ಮೇಲ್ವಿಚಾರಕರ ಮೇಲೆ ನನಗೆ ಸಿಟ್ಟಿಲ್ಲ. ಕ್ರಮಸಂಖ್ಯೆ, ಲೇಖಕ, ಶೀರ್ಷಿಕೆ, ಪ್ರಕಾಶಕ, ವರ್ಷ, ಬೆಲೆ, ಬಿಲ್ ಸಂಖ್ಯೆ ಎಂಬ ಕಾಲಂಗಳ ಆಚೆಗೆ ಯೋಚಿಸುವ ಅಧಿಕಾರವನ್ನು ಅವರಿಗೆ ಯಾರೂ ಕೊಟ್ಟಿಲ್ಲ. ಈ ಲೇಖನ ಆ ಅಧಿಕಾರದ ಕುರಿತದ್ದು.

ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ವಿಮರ್ಶೆ ಎಂದರೆ ಪತ್ರಿಕೆಯಲ್ಲಿ ಬರುವ ಲೇಖನ ಎಂದುಕೊಂಡಿದ್ದೇವೆ. ಆದರೆ ಒಂದು ಊರಿನ ಹುಡುಗಿಗೆ ಯಾವ ಪುಸ್ತಕ ಸಿಗಬೇಕು, ಯಾವುದು ಸಿಗಬಾರದು ಎಂಬುದು ನಮ್ಮ ಲೇಖನಗಳಿಗಿಂತ ಮೊದಲೇ ತೀರ್ಮಾನವಾಗಿರುತ್ತದೆ. ಆ ತೀರ್ಮಾನ ನಡೆಯುವ ಜಾಗ ಗ್ರಂಥಾಲಯದ ಕಪಾಟು. ಪುಸ್ತಕ ಆರಿಸುವುದು, ಇಡುವುದು, ತೆಗೆಯುವುದು ಮೂರೂ ವಿಮರ್ಶೆಯ ಕೆಲಸಗಳೇ. ನಮ್ಮ ಮೂರು ಊರುಗಳ ತೊಂದರೆಯೆಂದರೆ ಇಲ್ಲಿ ಈ ಕೆಲಸ ಮಾಡುವವರೇ ಇಲ್ಲ. ಪುಸ್ತಕಗಳು ಬರುತ್ತವೆ, ಸಂಗ್ರಹವನ್ನು ಯಾರೂ ಕಟ್ಟುವುದಿಲ್ಲ.

ಪುಸ್ತಕ ಬರುವ ದಾರಿಯನ್ನೇ ನೋಡೋಣ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ನಾವು ಕಟ್ಟುವ ಹಣದಲ್ಲಿ ನಮ್ಮ ಪುಸ್ತಕ ಎಂಬ ಈ ವಿಚಾರ ದೊಡ್ಡದು. ಆದರೆ ಲೆಕ್ಕಾಚಾರ ಆಸ್ತಿಯ ಮೇಲೆ ನಿಂತಿರುವುದರಿಂದ ಆಸ್ತಿ ಕಡಿಮೆ ಇರುವ ಊರಿನಲ್ಲಿ ಕರವೂ ಕಡಿಮೆ. ಬೆಂಗಳೂರಿನ ಒಂದು ಬಡಾವಣೆಗೂ ಕೆಲವೇ ವರ್ಷಗಳ ಹಿಂದೆ ತಾಲ್ಲೂಕಾದ ಮಸ್ಕಿಗೂ ಇರುವ ಅಂತರ ಕಪಾಟಿನಲ್ಲೂ ಮುಂದುವರಿಯುತ್ತದೆ. ಪುಸ್ತಕದ ಅಗತ್ಯ ಹೆಚ್ಚಿರುವ ಕಡೆಯೇ ಪುಸ್ತಕದ ಹಣ ಕಡಿಮೆ. ವಸೂಲಾದ ಕರ ಸಕಾಲಕ್ಕೆ ಗ್ರಂಥಾಲಯಕ್ಕೆ ತಲುಪುವುದಿಲ್ಲ ಎಂಬುದಂತೂ ರಾಜ್ಯದುದ್ದಕ್ಕೂ ಕೇಳಿಬರುವ ಹಳೆಯ ದೂರು.

ಇನ್ನು ಆಯ್ಕೆ. ಏಕಗವಾಕ್ಷಿ ಯೋಜನೆಯಲ್ಲಿ ರಾಜ್ಯಮಟ್ಟದ ಸಮಿತಿಯೊಂದು ಪುಸ್ತಕಗಳನ್ನು ಆರಿಸುತ್ತದೆ, ಸಾಮಾನ್ಯವಾಗಿ ಒಂದು ಶೀರ್ಷಿಕೆಯ 300 ಪ್ರತಿ ಖರೀದಿಯಾಗಿ ರಾಜ್ಯದ ಗ್ರಂಥಾಲಯಗಳಿಗೆ ಹಂಚಿಕೆಯಾಗುತ್ತದೆ. ಈ ವ್ಯವಸ್ಥೆಯನ್ನು ಸುಮ್ಮನೆ ಬಯ್ಯಲಾರೆ. ಕನ್ನಡದ ಸಣ್ಣ ಪ್ರಕಾಶಕರು ಉಸಿರಾಡುತ್ತಿರುವುದೇ ಈ ಖರೀದಿಯಿಂದ. ಮೊದಲ ಕವನಸಂಕಲನ ತಂದ ನನ್ನ ಎಷ್ಟೋ ಗೆಳೆಯ ಗೆಳತಿಯರ ಆಸೆಯ ಕಣ್ಣು ನೆಟ್ಟಿರುವುದೂ ಅದರ ಮೇಲೆಯೇ. ಆದರೆ ಪ್ರಕಾಶನವನ್ನು ಉಳಿಸುವುದು ಬೇರೆ, ಓದುಗರಿಗೆ ಸಂಗ್ರಹ ಕಟ್ಟುವುದು ಬೇರೆ. ಎರಡನ್ನೂ ಒಂದೇ ಯೋಜನೆಯ ತಲೆಗೆ ಕಟ್ಟಿದಾಗ ಓದುಗರು ಹಿಂದೆ ಬೀಳುತ್ತಾರೆ. ಬಂದ ಕಟ್ಟು ಬಿಚ್ಚಿ ನಂಬರು ಹಾಕಿ ಜೋಡಿಸುವುದಷ್ಟೇ ಸಿಂಧನೂರಿನ ಪಾಲಿಗೆ ಉಳಿಯುತ್ತದೆ.

ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳನ್ನು ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಅವುಗಳಲ್ಲಿ ಎರಡನೆಯದು ಪ್ರತಿ ಓದುಗರಿಗೂ ಅವರವರ ಪುಸ್ತಕ ಸಿಗಬೇಕು ಎನ್ನುತ್ತದೆ. ಇದನ್ನು ಸಿಂಧನೂರಿನಲ್ಲಿ ನಿಂತು ಓದಿದರೆ ಬೇರೆಯೇ ಅರ್ಥ ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಹಿಂದೆ ಬಂದ ತೆಲುಗು ಕುಟುಂಬಗಳ ಕ್ಯಾಂಪುಗಳು ಇಲ್ಲಿವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪುಗಳಿವೆ. ಮನೆಯಲ್ಲಿ ಉರ್ದು ಮಾತಾಡುವವರು ಮೂರೂ ಊರುಗಳಲ್ಲಿದ್ದಾರೆ; 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ನಮ್ಮ ಸೀಮೆಯ ಹಳೆಯ ಕಾಗದಪತ್ರಗಳಲ್ಲೂ ಉರ್ದುವಿನ ಪಾಲು ದೊಡ್ಡದು. ಬಂಗಾಳಿ ಕ್ಯಾಂಪಿನ ಅಜ್ಜಿಗೆ ಅವಳ ಪುಸ್ತಕ ಯಾವುದು ಎಂದು ಬೆಂಗಳೂರಿನ ಸಮಿತಿಗೆ ಹೇಗೆ ತಿಳಿಯಬೇಕು? ಗ್ರಂಥಾಲಯಗಳಿಗೆ ನೆರವು ಕೊಡಲೆಂದೇ 1972ರಲ್ಲಿ ಸ್ಥಾಪನೆಯಾದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ ಇರುವುದು ಕೋಲ್ಕತ್ತದಲ್ಲಿಯೇ. ಇಲ್ಲಿಂದ ಕೇಳುವ ಒಂದು ದನಿ ಬೇಕು, ಅಷ್ಟೇ.

ಹಾಗಾದರೆ ಈಗ ಗ್ರಂಥಾಲಯಕ್ಕೆ ಬರುವವರು ಯಾರು? ಬಹುಪಾಲು ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರು. ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಬಂದ ಮೇಲೆ ಪಿಡಿಒ, ಎಫ್‌ಡಿಎ, ಪೊಲೀಸ್ ನೌಕರಿಯ ಆಸೆ ಕೈಗೆಟಕುವಷ್ಟು ಹತ್ತಿರ ಬಂದಿದೆ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಬಂದು ಕತ್ತಲಾಗುವವರೆಗೆ ಕೂರುವ ಆ ಹುಡುಗ ಹುಡುಗಿಯರನ್ನು ಕಂಡು, ಗಂಭೀರ ಓದು ಸತ್ತಿತು ಎಂದು ಮರುಗುವ ಲೇಖನಗಳನ್ನು ಓದಿದ್ದೇನೆ. ಅದನ್ನು ಒಪ್ಪಲಾರೆ, ನಾನೂ ಆ ಬೆಂಚಿನ ಮೇಲೆ ಎರಡು ವರ್ಷ ಕೂತವಳೇ. ಅವರಿಗೂ ಸರಿಯಾದ ಸಂಗ್ರಹವಿಲ್ಲ ಎಂಬುದು ನನ್ನ ಮಾತು. ಹಳೆಯ ವರ್ಷದ ಸಾಮಾನ್ಯಜ್ಞಾನದ ಪುಸ್ತಕ ಅವರನ್ನು ದಾರಿ ತಪ್ಪಿಸುತ್ತದೆ. ಅದಕ್ಕೇ ಅವರು ತಮ್ಮ ಪುಸ್ತಕ ತಾವೇ ತರುತ್ತಾರೆ, ಗ್ರಂಥಾಲಯದಿಂದ ಪಡೆಯುವುದು ಕುರ್ಚಿ ಮತ್ತು ಫ್ಯಾನಿನ ಗಾಳಿ ಮಾತ್ರ. ದಿನಾ ಅಷ್ಟು ಜನ ಓದುವ ಕೋಣೆಯಲ್ಲಿ ಕಪಾಟುಗಳು ಮುಚ್ಚಿಯೇ ಇರುತ್ತವೆ.

ಹಳೆಯದನ್ನು ಯಾಕೆ ತೆಗೆಯುವುದಿಲ್ಲ? ಮತ್ತೆ ಅದೇ ರಿಜಿಸ್ಟರಿನ ಭಯ. ಪುಸ್ತಕ ಸರ್ಕಾರದ ಆಸ್ತಿ, ಲೆಕ್ಕ ಪರಿಶೋಧನೆಯಲ್ಲಿ ಕಡಿಮೆ ಬಿದ್ದರೆ ಹೊಣೆ ಮೇಲ್ವಿಚಾರಕರದು. “ಹರದದ್ದು ಒಗದ್ರೂ ಪಗಾರದಾಗ ಹಿಡಕೊಂತಾರ” ಎಂದು ಇನ್ನೊಬ್ಬ ಮೇಲ್ವಿಚಾರಕರು ನನಗೆ ಹೇಳಿದ್ದರು. ಹೀಗಾಗಿ ಗೆದ್ದಲು ತಿಂದದ್ದೂ ಉಳಿಯುತ್ತದೆ, ಹೊಸದು ನೆಲದ ಮೇಲೆ ಕೂರುತ್ತದೆ. ಕೇಂದ್ರ ಸರ್ಕಾರದ ಕಚೇರಿಗಳಿಗಾಗಿ ಇರುವ 2017ರ ಸಾಮಾನ್ಯ ಹಣಕಾಸು ನಿಯಮಗಳು ಓದಲು ಕೊಟ್ಟ ಪ್ರತಿ 1000 ಪುಸ್ತಕಗಳಿಗೆ ವರ್ಷಕ್ಕೆ 5 ಕಳೆಯುವುದನ್ನು, ಮೋಸ ಅಥವಾ ನಿರ್ಲಕ್ಷ್ಯ ಇಲ್ಲದ ಪಕ್ಷದಲ್ಲಿ, ಸಹಜ ನಷ್ಟವೆಂದು ಒಪ್ಪುತ್ತವೆ. ಓದಿದರೆ ಪುಸ್ತಕ ಸವೆಯುತ್ತದೆ, ಒಂದಿಷ್ಟು ಕಳೆಯುತ್ತದೆ ಎಂಬ ತಿಳಿವಳಿಕೆ ಆ ಸಾಲಿನಲ್ಲಿದೆ. ಆ ಧೈರ್ಯ ತಾಲ್ಲೂಕಿನ ಮೇಜಿನವರೆಗೆ ಇಳಿದಿಲ್ಲ. ಗ್ರಂಥಾಲಯ ಬೆಳೆಯುವ ಜೀವಿ ಎಂಬುದು ರಂಗನಾಥನ್ನರ ಐದನೆಯ ಸೂತ್ರ. ಎಲೆ ಉದುರಿಸದ ಮರಕ್ಕೆ ಚಿಗುರೂ ಇಲ್ಲ ಎಂದು ನಾನದನ್ನು ಓದಿಕೊಂಡಿದ್ದೇನೆ.

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು, ಈಗ ಅರಿವು ಕೇಂದ್ರಗಳಾಗಿವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಒಳ್ಳೆಯ ಕೆಲಸ. ಆದರೆ ಒಂದೇ ತಾಲ್ಲೂಕಿನಲ್ಲಿ ಪಟ್ಟಣದ ಗ್ರಂಥಾಲಯ ಒಂದು ಇಲಾಖೆಗೆ, ಹಳ್ಳಿಯದು ಇನ್ನೊಂದಕ್ಕೆ ಸೇರಿದ ಮೇಲೆ ಇಡೀ ತಾಲ್ಲೂಕಿನಲ್ಲಿ ಏನಿದೆ, ಏನಿಲ್ಲ ಎಂದು ನೋಡುವ ಕಣ್ಣು ಯಾರದು? ಡಿಜಿಟಲ್ ಗ್ರಂಥಾಲಯ ಇದೆಯಲ್ಲ ಎನ್ನುವವರಿದ್ದಾರೆ. ಅಲ್ಲಿಯೂ ಯಾರೋ ಆರಿಸಿ ಏರಿಸಿದ್ದೇ ಸಿಗುತ್ತದೆ. ಏರಿಸದ ನೋಟುಬುಕ್ಕು ಮೊಬೈಲಿನಲ್ಲೂ ತೆರೆಯುವುದಿಲ್ಲ.

ಮಸ್ಕಿಯ ಗುಡ್ಡದ ಕಲ್ಲು ನನಗೆ ಈ ಕಾರಣಕ್ಕೇ ಮುಖ್ಯ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ ಆ ಶಾಸನವನ್ನು ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಪ್ರಕಟಿಸಿದರು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದು ಇತ್ತು; ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ಇಲ್ಲಿ. ಗ್ರಂಥಾಲಯದ ಮಾತಿನಲ್ಲಿ ಹೇಳುವುದಾದರೆ, ಇಡೀ ದೇಶದಲ್ಲಿ ಹರಡಿದ್ದ ಒಂದು ಸಂಗ್ರಹದ ಕರ್ತೃವಿನ ಕಾಲಂ ತುಂಬಿದ್ದು ಮಸ್ಕಿ. ಒಂದು ಸಣ್ಣ ಊರಿನ ಒಂದೇ ಪ್ರತಿಯ ಬರಹಕ್ಕೆ ಎಷ್ಟು ಬೆಲೆ ಎಂಬುದನ್ನು ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಲಿಂಗಸುಗೂರಿನ ಪ್ರಾಣೇಶದಾಸರ ಹಾಡುಗಳು, ಮುದಗಲ್ಲಿನ ಮೊಹರಂ ಪದಗಳು, ಕ್ಯಾಂಪುಗಳ ನೆನಪುಗಳು ಎಲ್ಲವೂ ಒಂದೆಡೆ ಸಿಗುವ ಕಪಾಟನ್ನು ಈ ಮೂರೂ ಊರುಗಳಲ್ಲಿ ನಾನು ಕಾಣಲಿಲ್ಲ.

ಹೆಚ್ಚೇನೂ ಕೇಳುತ್ತಿಲ್ಲ. ಪುಸ್ತಕ ಖರೀದಿಯ ಹಣದಲ್ಲಿ ಒಂದು ಪಾಲನ್ನು ತಾಲ್ಲೂಕಿನ ಓದುಗರು, ಶಿಕ್ಷಕರು, ಮೇಲ್ವಿಚಾರಕರು ಕೂಡಿ ಆರಿಸಲಿ. ಮೇಜಿನ ಮೇಲೆ ಒಂದು ಬೇಡಿಕೆ ಪುಸ್ತಕವಿರಲಿ, ವರ್ಷಕ್ಕೊಮ್ಮೆ ಅದನ್ನು ಯಾರಾದರೂ ಓದಲಿ. ಸವೆದದ್ದನ್ನು ತೆಗೆಯಲು ಸ್ಪಷ್ಟವಾದ ಲಿಖಿತ ನಿಯಮ ಇರಲಿ. ಪ್ರತಿ ತಾಲ್ಲೂಕಿನಲ್ಲಿ ಆ ಊರಿನದೇ ಒಂದು ಕಪಾಟು, ಅದಕ್ಕೆ ಬೆಲೆಯ ಕಾಲಂ ಇಲ್ಲದ ಒಂದು ರಿಜಿಸ್ಟರು ಇರಲಿ.

ಕೊನೆಗೆ ನನ್ನ ತಪ್ಪನ್ನೂ ಹೇಳಬೇಕು. ಅಂದು ಗ್ರಂಥಾಲಯದಿಂದ ಮರಳಿದ ಮೇಲೆ ಆ ನೋಟುಬುಕ್ಕುಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ, ನನ್ನ ಪ್ರಬಂಧದ ಅಧ್ಯಾಯಕ್ಕೆ ಬೇಕಾದ ಪದಗಳಿದ್ದ ಪುಟಗಳನ್ನು ಮಾತ್ರ. ಹೋದ ಮಳೆಗಾಲದಲ್ಲಿ ಅವರ ಮಾಳಿಗೆ ಸೋರಿ ಎರಡು ನೋಟುಬುಕ್ಕುಗಳ ಹಾಳೆಗಳು ಒಂದಕ್ಕೊಂದು ಅಂಟಿಕೊಂಡವು. ಮಗ ಫೋನಿನಲ್ಲಿ, “ನಿಮ್ಮ ಹತ್ರ ಎಲ್ಲಾ ಐತಲ್ಲಕ್ಕಾ?” ಎಂದು ಕೇಳಿದ. ನನ್ನ ಹತ್ತಿರ ಇರುವುದು 41 ಪುಟ. ಉಳಿದವುಗಳಲ್ಲಿ ಏನಿತ್ತೆಂದು ನಾನು ನೋಡಿಯೂ ಇರಲಿಲ್ಲ.