ಸಾಂತ್ವನ ಹೇಳದ ಮಾಯಾಲೋಕ

ಅಮೆರಿಕದ ಟ್ರೇಸಿ ಡಿಯಾನ್ ಬರೆದ ‘ಲೆಜೆಂಡ್‌ಬಾರ್ನ್’ (2020) ಕಾದಂಬರಿಯ ಬ್ರೀ ಮ್ಯಾಥ್ಯೂಸ್‌ಗೆ 16 ವರ್ಷ. ಅಮ್ಮ ಕಾರು ಅಪಘಾತದಲ್ಲಿ ತೀರಿಕೊಂಡಿದ್ದಾಳೆ. ಹೊಸದಾಗಿ ಬದುಕು ಕಟ್ಟಿಕೊಳ್ಳಲು ಈ ಕಪ್ಪು ಹುಡುಗಿ ಸೇರುವುದು ಚಾಪೆಲ್ ಹಿಲ್‌ನಲ್ಲಿರುವ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯವು ಹೈಸ್ಕೂಲ್ ವಿದ್ಯಾರ್ಥಿಗಳಿಗೆ ನಡೆಸುವ ಕಾರ್ಯಕ್ರಮವನ್ನು. ಅಮ್ಮನೊಡನೆ ಕೊನೆಯ ಜಗಳ ನಡೆದದ್ದೂ ಅಲ್ಲಿಗೆ ಅರ್ಜಿ ಹಾಕಿದ್ದಕ್ಕೇ! ಅಲ್ಲಿ ಬ್ರಿಟನ್ನಿನ ದಂತಕಥೆಗಳ ಆರ್ಥರ್ ರಾಜನ ವೀರರ ವಂಶಸ್ಥರು ನಡೆಸುವ ಗುಪ್ತ ಸಂಘವಿದೆ. ಅಮ್ಮನ ಸಾವಿನ ಸತ್ಯ ಹುಡುಕಲು ಬ್ರೀ ಅದರೊಳಗೆ ನುಗ್ಗುತ್ತಾಳೆ.

ರಾಕ್ಷಸರು, ಕತ್ತಿವರಸೆ, ಪ್ರೇಮ ಎಲ್ಲ ಉಂಟು. ಸಂಘದೊಳಗಿನ ಪದವಿಗಳ ಹೆಸರುಗಳಂತೂ ತುಸು ಜಾಸ್ತಿಯೇ. ನನಗೆ ಹಿಡಿಸಿದ್ದು ಬೇರೆ. ತಾಯಿ ಸತ್ತ ಮೇಲೆ ತನ್ನೊಳಗೆ ಹುಟ್ಟಿದ ಇನ್ನೊಬ್ಬ ಬ್ರೀಯನ್ನು ಅವಳು ಗೋಡೆ ಕಟ್ಟಿ ಅಡಗಿಸಿಡುತ್ತಾಳೆ. ಗೋಡೆ ಮಾತ್ರ ನಿಲ್ಲುವುದಿಲ್ಲ. ಡಿಯಾನ್ ಸ್ವತಃ ತಾಯಿಯನ್ನು ಕಳೆದುಕೊಂಡವರು, ಅದೇ ವಿಶ್ವವಿದ್ಯಾಲಯದಲ್ಲಿ ಓದಿದವರು. ಹಾಗಾಗಿಯೋ ಏನೋ, ಇಲ್ಲಿ ಯಾವ ಮಂತ್ರವೂ ದುಃಖವನ್ನು ವಾಸಿಮಾಡುವುದಿಲ್ಲ. ಕಪ್ಪು ಹೆಂಗಸರ ಪೂರ್ವಿಕರಿಂದ ಬಂದ ವಿದ್ಯೆ, ಗುಲಾಮಗಿರಿಯ ನೆನಪು ಎರಡೂ ಆರ್ಥರ್ ಕಥೆಯನ್ನೇ ಅಲುಗಿಸುತ್ತವೆ.

2021ರಲ್ಲಿ ಕೊರೆಟಾ ಸ್ಕಾಟ್ ಕಿಂಗ್–ಜಾನ್ ಸ್ಟೆಪ್ಟೋ ಹೊಸ ಪ್ರತಿಭೆ ಪ್ರಶಸ್ತಿ ಪಡೆದ ಪುಸ್ತಕವಿದು. ಗಾತ್ರ ನೋಡಿ ಅಂಜಬೇಡಿ. ಮನೆಯಲ್ಲಿ ಹದಿಹರೆಯದವರಿದ್ದರೆ ಅವರಿಗೂ ಕೊಡಿ, ನೀವೂ ಓದಿ.