ಡಬ್ಬಿ ಬದಲಾಯಿತು, ಅಳತೆ ಬದಲಾಗಲಿಲ್ಲ

ಮನೆಯಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇದೆ ಎಂದು ವೈದ್ಯರು ಹೇಳಿದ ವಾರದಲ್ಲೇ ಅಡುಗೆಮನೆಗೆ ಹೊಸ ದಿನಸಿ ಬಂದಿಳಿಯುವುದು ಈಗ ರೂಢಿ. ನವಣೆ, ಸಾಮೆ, ಊದಲು ಒಂದೊಂದು ಕಿಲೋ. ಜೊತೆಗೆ ಓಟ್ಸ್, 'ಶುಗರ್ ಫ್ರೀ' ಬಿಸ್ಕತ್ತು, ಸಕ್ಕರೆಯ ಜಾಗಕ್ಕೆ ಬೆಲ್ಲ. ಅಕ್ಕಿ ಡಬ್ಬಿ ಮಾತ್ರ ಇದ್ದಲ್ಲೇ ಇರುತ್ತದೆ, ಅದರೊಳಗಿನ ಪಾವೂ ಹಳೆಯದೇ. ಈ ರೂಢಿಯಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಕೊಂಡು ತಂದರೆ ಪಥ್ಯ ಮಾಡಿದಂತೆ ಎಂಬ ನಂಬಿಕೆಯನ್ನು ಅದು ಬೆಳೆಸಿಬಿಟ್ಟಿದೆ. ನನ್ನ ತಕರಾರು ಅಲ್ಲಿ.

ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ಹೇಳಿದ್ದು 2023ರಲ್ಲಿ. ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಘೋಷಿಸಿದ್ದೂ ಅದೇ ವರ್ಷವನ್ನು. ಈ ಎರಡಕ್ಕೂ ಗಂಟು ಹಾಕುವುದು ವ್ಯಾಪಾರಿಗಳಿಗೆ ಕಷ್ಟವಾಗಲಿಲ್ಲ.

ರಾಗಿಯಿಂದಲೇ ಶುರು ಮಾಡೋಣ. 'ರಾಗಿ ತಿಂದರೆ ಶುಗರ್ ಏರಲ್ಲ' ಎನ್ನುವವರು ಹಳೇ ಮೈಸೂರಿನ ಕಡೆ ಬೀದಿಗೊಬ್ಬರು. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದ್ದರೆ ರಾಗಿಯಲ್ಲಿ 70ರ ಆಸುಪಾಸು. ದೊಡ್ಡ ಅಂತರವೇನಲ್ಲ. ರಾಗಿಯ ಹೆಚ್ಚುಗಾರಿಕೆ ಇರುವುದು ನಾರಿನಲ್ಲಿ, 300 ಮಿಲಿಗ್ರಾಂ ದಾಟುವ ಸುಣ್ಣದಂಶದಲ್ಲಿ. ಆ ನಾರು ಕೆಲಸ ಮಾಡುವುದೂ ನಾವು ರಾಗಿಯನ್ನು ಏನು ಮಾಡುತ್ತೇವೆ ಎಂಬುದರ ಮೇಲೆ. ಮೊಳಕೆ ಕಟ್ಟಿ, ಹುರಿದು, ನುಣ್ಣಗೆ ಬೀಸಿ, ಜರಡಿ ಹಿಡಿದು ಕುದಿಸಿದ ಮಾಲ್ಟ್ ಗಂಟಲಿಳಿದ ಸ್ವಲ್ಪ ಹೊತ್ತಿಗೇ ರಕ್ತ ಸೇರುತ್ತದೆ, ಏಕೆಂದರೆ ಜೀರ್ಣದ ಅರ್ಧ ಕೆಲಸ ಹೊರಗೇ ಮುಗಿದಿರುತ್ತದೆ. ಮಗುವಿಗೆ ಅದು ಒಳ್ಳೆಯದು, ಮಧುಮೇಹಿಗೆ ಅಲ್ಲ. ಆದರೂ ಬೆಳಗಿನ ವಾಕಿಂಗ್ ಮುಗಿಸಿದವರು ದೊಡ್ಡ ಲೋಟದಲ್ಲಿ ಕುಡಿಯುವುದು ಅದನ್ನೇ. ಚಿಕ್ಕದೊಂದು ಮುದ್ದೆ, ಬಟ್ಟಲು ತುಂಬ ಸೊಪ್ಪು-ಕಾಳಿನ ಬಸ್ಸಾರು: ಈ ಊಟದ ಲೆಕ್ಕ ಬೇರೆ. ಅಲ್ಲಿ ಮುದ್ದೆಗಿಂತ ಸಾರಿನ ಗಟ್ಟಿ ಭಾಗಕ್ಕೇ ನನ್ನ ಅಂಕ.

ಸಿರಿಧಾನ್ಯದ ಕಥೆಯೂ ಇಷ್ಟೇ. ಅಂಗಡಿಯಲ್ಲಿ ಬೆಳ್ಳಗೆ ಹೊಳೆಯುವ ಸಾಮೆ, ಊದಲು ತವುಡು ಕಳೆದುಕೊಂಡವು. ತವುಡು ಹೋದರೆ ನಾರೂ ಹೋಯಿತು, ಉಳಿದದ್ದು ದುಬಾರಿ ಅಕ್ಕಿ. ಬಣ್ಣ ಮಾಸಲಾಗಿರುವ, ಬೇಯಲು ಹಟ ಮಾಡುವ ಧಾನ್ಯವನ್ನೇ ಕೇಳಿ ತರಬೇಕು. ಇನ್ನು ನ್ಯಾಯಬೆಲೆ ಅಂಗಡಿಯ ಅಕ್ಕಿಯಲ್ಲೇ ತಿಂಗಳು ಕಳೆಯುವ ಮನೆಗೆ ಕೊರಲೆ ತಿನ್ನಿ ಎಂದು ಉಪದೇಶಿಸುವವರ ಬಗ್ಗೆ ನನಗೆ ಸಿಟ್ಟೇ ಇದೆ. ಅನ್ನವನ್ನು ಅರ್ಧ ಮಾಡಿ, ಆ ಜಾಗಕ್ಕೆ ಹುಳಿಯಲ್ಲಿ ಬೆಂದ ತರಕಾರಿ, ಕಾಳಿನ ಪಲ್ಯ ಬಡಿಸಿಕೊಂಡರೆ ಅದೂ ಪಥ್ಯವೇ.

ಬೆಲ್ಲಕ್ಕೆ ನಾವು ಕೊಟ್ಟಿರುವ ರಿಯಾಯಿತಿಯಂತೂ ಬರೀ ಅಭಿಮಾನದ್ದು. ಅದರಲ್ಲಿರುವುದು ಬಹುಪಾಲು ಸಕ್ಕರೆಯೇ. ಬಿಸ್ಕತ್ತಿನ ಪೊಟ್ಟಣದ ಮೇಲೆ 'ಶುಗರ್ ಫ್ರೀ' ಎಂದು ಬರೆಯಲು 100 ಗ್ರಾಮಿಗೆ ಅರ್ಧ ಗ್ರಾಂ ಮೀರದಂತೆ ಸಕ್ಕರೆ ಇದ್ದರೆ ಸಾಕು. ಮೈದಾ ಎಷ್ಟಿದೆ ಎಂಬುದನ್ನು ಆ ಎರಡು ಪದ ಹೇಳುವುದಿಲ್ಲ. ಹಿಂಬದಿಯ ಪದಾರ್ಥಗಳ ಪಟ್ಟಿ ತೂಕದ ಇಳಿಕೆ ಕ್ರಮದಲ್ಲಿರುತ್ತದೆ. ಮೊದಲ ಹೆಸರು ಮೈದಾ ಆಗಿದ್ದರೆ ಪೊಟ್ಟಣವನ್ನು ಅಲ್ಲೇ ಇಟ್ಟು ಬನ್ನಿ.

ಈ ಗದ್ದಲದಲ್ಲಿ ಮೂಲೆ ಸೇರಿದ್ದು ಕಾಳು. ಹುರುಳಿ, ಅಲಸಂದೆ, ಹೆಸರುಕಾಳು, ಕಡಲೆ. ನೂರು ಗ್ರಾಮಿಗೆ 20 ಗ್ರಾಂ ಆಸುಪಾಸು ಪ್ರೋಟೀನು, ಕೈತುಂಬ ನಾರು, ನಿಧಾನವಾಗಿ ಕರಗುವ ಪಿಷ್ಟ. ಕುದುರೆ ಮೇವೆಂದು ಹೀಗಳೆಸಿಕೊಂಡ ಹುರುಳಿಗೆ ಮಾಲ್ಟಿನಷ್ಟು ಜಾಹೀರಾತೂ ಇಲ್ಲ. ಉತ್ತರ ಕರ್ನಾಟಕದ ಅಡುಗೆಮನೆ ಈ ವಿಷಯದಲ್ಲಿ ಮುಂದು: ಜೋಳದ ರೊಟ್ಟಿ, ಮಡಕಿಕಾಳು ಪಲ್ಯ, ಅಗಸಿ ಚಟ್ನಿಪುಡಿ, ಮೇಲೊಂದಿಷ್ಟು ಹಸಿ ಸೊಪ್ಪು, ಮೊಸರು. ಮಧುಮೇಹದ ಹೆಸರಿನಲ್ಲಿ ಯಾರೂ ರೂಪಿಸದ ಊಟ ಅದು. ರೊಟ್ಟಿಯ ಎಣಿಕೆ ತಪ್ಪದಿದ್ದರೆ ಅದಕ್ಕಿಂತ ಒಳ್ಳೆಯ ಮಾದರಿ ನನಗೆ ಕಾಣುವುದಿಲ್ಲ.

ಪಥ್ಯದಲ್ಲಿ ಉಪ್ಪಿನ ಲೆಕ್ಕವೂ ಇದೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಭರಣಿಗಳನ್ನು ಹಿಂದಕ್ಕೆ ಸರಿಸಿ. ದಿನಕ್ಕೆ ಉಪ್ಪು 5 ಗ್ರಾಂ ಒಳಗಿರಬೇಕು. 'ಲೋ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಇನ್ನೊಂದು ಕೊರತೆಯ ಮಾತನ್ನು ಯಾರೂ ಆಡುವುದಿಲ್ಲ. ಅಪ್ಪನಿಗೆ ಕಾಯಿಲೆ ಬಂದರೆ ಬೇರೆ ಡಬ್ಬಿ, ಬೇರೆ ಅಡುಗೆ. ಕಾಯಿಲೆ ಅಮ್ಮನದಾದರೆ ಎಲ್ಲರ ಊಟವಾದ ಮೇಲೆ ಉಳಿದ ಅನ್ನವೇ ಅವಳ ಪಥ್ಯ. ರೋಗಿಗೊಂದು, ಮನೆಮಂದಿಗೊಂದು ಎಂದು ಎರಡು ಬಗೆಯ ದಿನಸಿ ತುಂಬುವ ಪದ್ಧತಿಯೇ ತಪ್ಪು. ಎಲ್ಲರೂ ಒಂದೇ ಊಟ ಮಾಡುವ ಮನೆಯಲ್ಲಿ ಮಾತ್ರ ಪಥ್ಯ ಬಾಳಿಕೆ ಬರುತ್ತದೆ.

ಕೊನೆಯದಾಗಿ, ಸಕ್ಕರೆ ಡಬ್ಬಿಯನ್ನು ಮನೆಯಿಂದ ಪೂರಾ ಓಡಿಸಬೇಡಿ. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಶುಗರ್ 70ಕ್ಕಿಂತ ಕೆಳಗಿಳಿದು ಕೈ ನಡುಗಿ ಮೈ ಬೆವರಬಹುದು. ಆಗ ಬೇಕಾದದ್ದು ಮೂರು ಟೀಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ನೀರಿನಲ್ಲಿ ಕದಡಿದ್ದು. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಶುಗರ್ ಫ್ರೀ ಗುಳಿಗೆ ಆ ಹೊತ್ತಿನಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ.